ಟೈಮಿಂಗ್ ಬೆಲ್ಟ್ ಬದಲಾವಣೆ: ಮುಂದೂಡಿದ ದುರಸ್ತಿಯ ನಿಜವಾದ ಬೆಲೆ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲೂಕುಗಳ ವ್ಯಾಪಾರವು ರಾಜ್ಯದ ಗಡಿಗೆ ಬಂದು ನಿಲ್ಲುವಂಥದ್ದಲ್ಲ. ನಿಪ್ಪಾಣಿಯ ತಂಬಾಕಿನ ವ್ಯಾಪಾರಿಗೆ ಕೊಲ್ಹಾಪುರ, ಅಥಣಿಯ ಚರ್ಮೋದ್ಯಮಿಗೆ ಸಾಂಗಲಿ, ಉಗಾರ ಮತ್ತು ಕುಡಚಿಯ ವರ್ತಕರಿಗೆ ಮಿರಜ, ಸರಕಾರಿ ಕೆಲಸಕ್ಕೆ ಬೆಳಗಾವಿ: ಹೀಗೆ ವಾರಕ್ಕೆ ಎರಡು ಮೂರು ಸಲವಾದರೂ ದೂರದ ಪ್ರಯಾಣ ತಪ್ಪುವುದಿಲ್ಲ. ಆದುದರಿಂದ ಕೆಎ-23 ಫಲಕ ಹೊತ್ತ ಕಾರು ಈ ಭಾಗದ ವರ್ತಕನಿಗೆ ತಕ್ಕಡಿ ಮತ್ತು ಖಾತೆ ಪುಸ್ತಕಗಳಂತೆಯೇ ದುಡಿಮೆಯ ಸಾಧನವಾಗಿದೆ.

ಈ ಸಾಧನದ ಖರ್ಚನ್ನು ಲೆಕ್ಕ ಹಾಕುವಾಗ ಇಂಧನ, ಟೈರು, ವಿಮೆ, ಚಾಲಕನ ಪಗಾರ ಇವೆಲ್ಲವೂ ಗಣನೆಗೆ ಬರುತ್ತವೆ. ಆದರೆ ಎಂಜಿನ್ನಿನ ಒಂದು ಬದಿಯಲ್ಲಿ ಮುಚ್ಚಳದ ಹಿಂದೆ ಅಡಗಿರುವ ರಬ್ಬರಿನ ಒಂದು ಪಟ್ಟಿ ಮಾತ್ರ ಯಾರ ಲೆಕ್ಕಕ್ಕೂ ಬರುವುದಿಲ್ಲ. ಅದು ಕಡಿದ ದಿನವೇ ಅದರ ಹೆಸರು ಮಾಲೀಕನಿಗೆ ತಿಳಿಯುತ್ತದೆ. ಟೈಮಿಂಗ್ ಬೆಲ್ಟ್ ಎಂಬ ಈ ಭಾಗವನ್ನು ಯಾವಾಗ ಬದಲಾಯಿಸಬೇಕು, ತಡ ಮಾಡಿದರೆ ಆಗುವ ಹಾನಿ ಎಷ್ಟು, ಆ ಖರ್ಚನ್ನು ವ್ಯವಹಾರದ ದೃಷ್ಟಿಯಿಂದ ಹೇಗೆ ನೋಡಬೇಕು ಎಂಬುದನ್ನು ಇಲ್ಲಿ ಪರಿಶೀಲಿಸಲಾಗಿದೆ.

ಬೆಲ್ಟಿನ ಕೆಲಸವೇನು?

ಎಂಜಿನ್ನಿನೊಳಗೆ ಪಿಸ್ಟನ್‌ಗಳು ಮೇಲೆ ಕೆಳಗೆ ಚಲಿಸುವುದರಿಂದ ಕ್ರ್ಯಾಂಕ್ ಶಾಫ್ಟ್ ತಿರುಗುತ್ತದೆ. ಸಿಲಿಂಡರಿಗೆ ಗಾಳಿಯನ್ನು ಒಳಬಿಡುವ ಮತ್ತು ಹೊಗೆಯನ್ನು ಹೊರಹಾಕುವ ವಾಲ್ವ್‌ಗಳನ್ನು ಕ್ಯಾಮ್ ಶಾಫ್ಟ್ ತೆರೆಯುತ್ತದೆ. ಈ ಎರಡೂ ಶಾಫ್ಟ್‌ಗಳು ಪರಸ್ಪರ ಹೊಂದಿಕೊಂಡು ತಿರುಗಬೇಕು. ಕ್ರ್ಯಾಂಕ್ ಶಾಫ್ಟ್ ಎರಡು ಸುತ್ತು ತಿರುಗಿದಾಗ ಕ್ಯಾಮ್ ಶಾಫ್ಟ್ ಸರಿಯಾಗಿ ಒಂದು ಸುತ್ತು ತಿರುಗಬೇಕೆಂಬುದು ನಿಯಮ. ಈ ಹೊಂದಾಣಿಕೆಯನ್ನು ಕಾಯುವುದೇ ಹಲ್ಲುಗಳುಳ್ಳ ಟೈಮಿಂಗ್ ಬೆಲ್ಟ್. ಎಂಜಿನ್ ನಿಮಿಷಕ್ಕೆ 3,000 ಸುತ್ತು ತಿರುಗುತ್ತಿರುವಾಗ ಪ್ರತಿಯೊಂದು ವಾಲ್ವ್ ಸೆಕೆಂಡಿಗೆ 25 ಸಲ ತೆರೆದು ಮುಚ್ಚಿಕೊಳ್ಳುತ್ತದೆ. ಇಷ್ಟು ವೇಗದ ಕೆಲಸದಲ್ಲಿ ಬೆಲ್ಟು ಒಂದೆರಡು ಹಲ್ಲಿನಷ್ಟು ಜಾರಿದರೂ ಲೆಕ್ಕ ತಪ್ಪುತ್ತದೆ.

ಮೊದಲು ಈ ಕೆಲಸವನ್ನು ಉಕ್ಕಿನ ಚೈನು ಅಥವಾ ಗೇರುಗಳು ಮಾಡುತ್ತಿದ್ದವು. 1962ರಲ್ಲಿ ಜರ್ಮನಿಯ ಗ್ಲಾಸ್ ಕಂಪನಿಯು ತನ್ನ 1004 ಮಾದರಿಯ ಕಾರಿನಲ್ಲಿ ಹಲ್ಲಿನ ಬೆಲ್ಟನ್ನು ಅಳವಡಿಸಿದ ಮೇಲೆ ಇತರ ತಯಾರಕರೂ ಕ್ರಮೇಣ ಅದನ್ನು ಅನುಸರಿಸಿದರು. ಬೆಲ್ಟು ಹಗುರ, ಸದ್ದು ಕಡಿಮೆ, ಎಣ್ಣೆ ಬೇಡ, ತಯಾರಿಕೆಯ ವೆಚ್ಚವೂ ಕಡಿಮೆ. ಆದರೆ ಅದು ರಬ್ಬರು ಮತ್ತು ಗಾಜಿನ ನಾರಿನಿಂದ ಮಾಡಿದ ವಸ್ತು. ಆದುದರಿಂದ ಅದಕ್ಕೆ ಒಂದು ಆಯುಷ್ಯ ಇದೆ.

ಬೆಲ್ಟು ಕಡಿದಾಗ ಆಗುವುದೇನು?

ಫ್ಯಾನ್ ಬೆಲ್ಟು ಕಡಿದರೆ ಗಾಡಿಯನ್ನು ಬದಿಗೆ ನಿಲ್ಲಿಸಿ ಹೊಸದನ್ನು ಹಾಕಿಸಿ ಮುಂದುವರಿಯಬಹುದು. ಟೈಮಿಂಗ್ ಬೆಲ್ಟಿನ ವಿಷಯ ಹಾಗಲ್ಲ. ಅನೇಕ ಪೆಟ್ರೋಲ್ ಎಂಜಿನ್‌ಗಳಲ್ಲಿ ಮತ್ತು ಬಹುತೇಕ ಡೀಸೆಲ್ ಎಂಜಿನ್‌ಗಳಲ್ಲಿ ವಾಲ್ವ್ ತೆರೆದಾಗ ಬಂದು ನಿಲ್ಲುವ ಜಾಗ ಮತ್ತು ಪಿಸ್ಟನ್ ಮೇಲೇರಿ ಬರುವ ಜಾಗ ಒಂದೇ ಆಗಿರುತ್ತದೆ. ಇಬ್ಬರು ಒಂದೇ ಬಾಗಿಲಿನಲ್ಲಿ ಸರದಿಯಂತೆ ಓಡಾಡುವ ಹಾಗೆ ಅವುಗಳ ವ್ಯವಸ್ಥೆ. ಬೆಲ್ಟು ಕಡಿದ ಕ್ಷಣದಲ್ಲಿ ಕ್ಯಾಮ್ ಶಾಫ್ಟ್ ನಿಲ್ಲುತ್ತದೆ. ಕೆಲವು ವಾಲ್ವ್‌ಗಳು ತೆರೆದ ಸ್ಥಿತಿಯಲ್ಲಿಯೇ ಉಳಿಯುತ್ತವೆ. ಆದರೆ ಗಾಡಿಯ ಓಟದ ಬಲದಿಂದ ಕ್ರ್ಯಾಂಕ್ ಶಾಫ್ಟ್ ತಿರುಗುತ್ತಲೇ ಇರುತ್ತದೆ. ಪಿಸ್ಟನ್ ಮೇಲೇರಿ ಬಂದು ವಾಲ್ವಿಗೆ ಬಡಿಯುತ್ತದೆ. ವಾಲ್ವ್‌ಗಳು ಬಾಗುತ್ತವೆ. ಕೆಲವೊಮ್ಮೆ ವಾಲ್ವ್ ಗೈಡ್, ರಾಕರ್, ಪಿಸ್ಟನ್ ಮತ್ತು ಸಿಲಿಂಡರ್ ಹೆಡ್ ಸಹ ಕೆಡುತ್ತವೆ. ಆಗ ಬೆಲ್ಟ್ ಬದಲಾವಣೆಗೆ ಬದಲಾಗಿ ಎಂಜಿನ್ ಬಿಚ್ಚುವ ಕೆಲಸವಾಗುತ್ತದೆ.

ಹಣದ ಹಾನಿಗಿಂತ ದೊಡ್ಡದು ಜೀವದ ಅಪಾಯ. ಎಂಜಿನ್ ನಿಂತ ಮೇಲೆ ಪವರ್ ಸ್ಟಿಯರಿಂಗ್ ಬಿಗಿಯಾಗಬಹುದು. ಬ್ರೇಕಿಗೆ ನೆರವಾಗುವ ಬೂಸ್ಟರಿನಲ್ಲಿ ಒಂದೆರಡು ಸಲ ಒತ್ತುವಷ್ಟು ಶಕ್ತಿ ಮಾತ್ರ ಉಳಿದಿರುತ್ತದೆ. ಅನಂತರ ಪೆಡಲ್ ಕಲ್ಲಿನಂತೆ ಗಟ್ಟಿಯಾಗುತ್ತದೆ. ಕುಟುಂಬ ಸಮೇತ ನಿಪ್ಪಾಣಿ ಸಮೀಪದ ತವಂದಿ ಘಾಟವನ್ನು ಇಳಿಯುತ್ತಿರುವಾಗ, ಹಿಂದೆ ಮುಂದೆ ಭಾರದ ಲಾರಿಗಳಿರುವಾಗ ಇದು ಸಂಭವಿಸಿದರೆ ಪರಿಣಾಮವನ್ನು ಊಹಿಸಬಹುದು. ರಾತ್ರಿ ವೇಳೆ ರೋಗಿಯನ್ನು ಕರೆದುಕೊಂಡು ಮಿರಜಿಗೆ ಹೊರಟ ಗಾಡಿ ಕಾಗವಾಡದ ಹತ್ತಿರ ನಿಂತುಬಿಟ್ಟರೆ ಆ ಹಾನಿಯನ್ನು ಯಾವ ಖಾತೆಯಲ್ಲಿಯೂ ಬರೆಯಲಾಗದು.

ಯಾವ ಗಾಡಿಯಲ್ಲಿ ಬೆಲ್ಟು, ಯಾವುದರಲ್ಲಿ ಚೈನು?

ಅಂಬಾಸಡರ್ ಮತ್ತು ಪ್ರೀಮಿಯರ್ ಪದ್ಮಿನಿ ಕಾರುಗಳಲ್ಲಿ ಚೈನು ಇತ್ತು. ಆದುದರಿಂದ ಆ ಕಾಲದ ಮಾಲೀಕರು ಟೈಮಿಂಗ್ ಬೆಲ್ಟಿನ ಹೆಸರನ್ನು ಕೇಳಿರಲಿಲ್ಲ. ಮನೆಯ ಹಿರಿಯರು "ನಾವು ಮೂವತ್ತು ವರ್ಷ ಗಾಡಿ ನಡೆಸಿದೆವು, ಇಂಥದ್ದನ್ನು ಎಂದೂ ಬದಲಾಯಿಸಲಿಲ್ಲ" ಎಂದು ಹೇಳುವುದು ಅವರ ಗಾಡಿಯ ಮಟ್ಟಿಗೆ ಸತ್ಯವೇ. ಆದರೆ 1983ರಲ್ಲಿ ಬಂದ ಮಾರುತಿ 800ರಲ್ಲಿ ಬೆಲ್ಟು ಇತ್ತು. 1998ರಲ್ಲಿ ಬಂದ ಹ್ಯುಂಡೈ ಸ್ಯಾಂಟ್ರೊ, ಅದೇ ವರ್ಷ ಪರಿಚಯವಾದ ಟಾಟಾ ಇಂಡಿಕಾದ ಡೀಸೆಲ್ ಎಂಜಿನ್, 2005ರ ಟೊಯೋಟಾ ಇನ್ನೋವಾದ 2.5 ಲೀಟರ್ ಡೀಸೆಲ್ ಎಂಜಿನ್, 2012ರಲ್ಲಿ ಬಂದ ರೆನೋ ಡಸ್ಟರಿನ 1.5 ಲೀಟರ್ ಡೀಸೆಲ್ ಎಂಜಿನ್ ಇವೆಲ್ಲವೂ ಬೆಲ್ಟಿನವು.

ಇದಕ್ಕೆ ವಿರುದ್ಧವಾಗಿ ಮಾರುತಿಯ ಕೆ-ಸರಣಿಯ ಪೆಟ್ರೋಲ್ ಎಂಜಿನ್‌ಗಳಲ್ಲಿ ಮತ್ತು ಸ್ವಿಫ್ಟ್ ಡೀಸೆಲ್ ಕಾರಿನಲ್ಲಿದ್ದ ಫಿಯಟ್ ಮೂಲದ 1.3 ಲೀಟರ್ ಎಂಜಿನ್ನಿನಲ್ಲಿ ಚೈನು ಇದೆ. ಒಂದೇ ಹೆಸರಿನ ಗಾಡಿಯಲ್ಲಿಯೂ ಭೇದ ಉಂಟು. ಹಳೆಯ ವ್ಯಾಗನ್ ಆರ್ ಬೆಲ್ಟಿನದು. ಕೆ-ಸರಣಿಯ ಎಂಜಿನ್ ಬಂದ ನಂತರದ್ದು ಚೈನಿನದು. ಹಳೆಯ 2.5 ಲೀಟರ್ ಇನ್ನೋವಾ ಬೆಲ್ಟಿನದಾದರೆ 2016ರ ಕ್ರಿಸ್ಟಾ ಡೀಸೆಲ್ ಚೈನಿನದು. ಆದುದರಿಂದ ಗಾಡಿಯ ಹೆಸರನ್ನು ನೋಡಿ ನಿರ್ಣಯಿಸದೆ ಎಂಜಿನ್ನಿನ ಮಾದರಿ ಮತ್ತು ತಯಾರಿಕೆಯ ವರ್ಷವನ್ನು ನೋಡಬೇಕು.

ಚೈನು ಇದ್ದರೆ ಚಿಂತೆಯೇ ಇಲ್ಲವೆಂದು ತಿಳಿಯುವುದೂ ಸರಿಯಲ್ಲ. ಚೈನು ಎಂಜಿನ್ ಆಯಿಲಿನಲ್ಲಿಯೇ ಓಡುತ್ತದೆ. ಆಯಿಲ್ ಬದಲಾವಣೆಯಲ್ಲಿ ಉದಾಸೀನ ಮಾಡಿದರೆ ಅದೂ ಸವೆದು ಉದ್ದವಾಗುತ್ತದೆ. ಆದರೆ ಅದು ಸಾಮಾನ್ಯವಾಗಿ ಮೊದಲೇ ಕಟಕಟ ಸದ್ದು ಮಾಡಿ ಎಚ್ಚರಿಸುತ್ತದೆ. ಬೆಲ್ಟು ಬಹಳ ಸಲ ಯಾವ ಮುನ್ಸೂಚನೆಯನ್ನೂ ಕೊಡದೆ ಕಡಿಯುತ್ತದೆ.

ಬದಲಾವಣೆಯ ಕಾಲ

ತಯಾರಕರು ಬೆಲ್ಟಿಗೆ ಎರಡು ಮಿತಿಗಳನ್ನು ಹಾಕಿರುತ್ತಾರೆ. ಒಂದು ಕಿಲೋಮೀಟರಿನ ಮಿತಿ, ಇನ್ನೊಂದು ವರ್ಷದ ಮಿತಿ. ಇವುಗಳಲ್ಲಿ ಯಾವುದು ಮೊದಲು ಬರುತ್ತದೆಯೋ ಅದೇ ಬದಲಾವಣೆಯ ಕಾಲ. ಅನೇಕ ಎಂಜಿನ್‌ಗಳಿಗೆ ಈ ಮಿತಿ 60,000ದಿಂದ 1,00,000 ಕಿ.ಮೀ.ವರೆಗೆ ಇರುತ್ತದೆ. ಕೆಲವಕ್ಕೆ ಅದಕ್ಕೂ ಹೆಚ್ಚು. ಪ್ರತಿಯೊಂದು ಗಾಡಿಗೂ ಅದರ ಮಾಲೀಕರ ಕೈಪಿಡಿಯೇ ಪ್ರಮಾಣ. ಟೊಯೋಟಾದ ಕೆಲವು ಡೀಸೆಲ್ ಗಾಡಿಗಳಲ್ಲಿ ಬೆಲ್ಟ್ ಬದಲಾವಣೆಯ ಸಮಯಕ್ಕೆ ಮುಂಭಾಗದ ಫಲಕದಲ್ಲಿ ದೀಪ ಹೊತ್ತುವ ಏರ್ಪಾಡು ಸಹ ಇದೆ. ಬೆಲ್ಟನ್ನು ಬದಲಾಯಿಸದೆ ಆ ದೀಪವನ್ನು ಮಾತ್ರ ಆರಿಸಿಕೊಂಡು ಓಡಾಡುವುದು ತನ್ನನ್ನು ತಾನೇ ಮೋಸಗೊಳಿಸಿಕೊಂಡಂತೆ.

ವರ್ಷದ ಮಿತಿಯನ್ನು ಮರೆಯುವುದೇ ಹೆಚ್ಚಾಗಿ ಕಂಡುಬರುವ ತಪ್ಪು. ಯಡೂರ ವೀರಭದ್ರನ ಅಥವಾ ಚಿಂಚಲಿ ಮಾಯಕ್ಕನ ಜಾತ್ರೆಗೆ, ಮದುವೆ ಮುಂಜಿವೆಗೆ ಮಾತ್ರ ಹೊರಗೆ ತೆಗೆಯುವ ಕಾರುಗಳು ಅನೇಕ ಮನೆಗಳಲ್ಲಿವೆ. ಅಂಥ ಗಾಡಿಯು ಎಂಟು ವರ್ಷಗಳಲ್ಲಿ 30,000 ಕಿ.ಮೀ. ಓಡಿದ್ದರೆ ಮಾಲೀಕನು ಅದನ್ನು ಹೊಸದರಂತೆಯೇ ಭಾವಿಸುತ್ತಾನೆ. ಆದರೆ ರಬ್ಬರು ನಿಂತಲ್ಲಿಯೇ ಹಳೆಯದಾಗುತ್ತದೆ. ಎಂಜಿನ್ನಿನ ಕಾವು ಏರಿ ಇಳಿಯುವುದರಿಂದ ಅದರ ಮೃದುತ್ವ ಹೋಗುತ್ತದೆ.

ಈ ಭಾಗದ ಪರಿಸ್ಥಿತಿಯೂ ಗಮನಾರ್ಹ. ಅಥಣಿ ಭಾಗದ ಬೇಸಿಗೆಯ ಬಿಸಿಲು, ಕಬ್ಬು ನುರಿಸುವ ಹಂಗಾಮಿನಲ್ಲಿ ಕಾರ್ಖಾನೆಗಳ ದಾರಿಯ ಧೂಳು, ಕಬ್ಬಿನ ಟ್ರ್ಯಾಕ್ಟರುಗಳ ಸಾಲಿನ ಹಿಂದೆ ಗಾಡಿ ಎಂಜಿನ್ ಚಾಲೂ ಇಟ್ಟು ನಿಲ್ಲುವ ಸಮಯ ಇವೆಲ್ಲವೂ ಬೆಲ್ಟಿನ ಆಯುಷ್ಯವನ್ನು ಕುಗ್ಗಿಸುತ್ತವೆ. ನಿಂತಲ್ಲಿ ಎಂಜಿನ್ ತಿರುಗಿದ ಸಮಯವು ಕಿಲೋಮೀಟರಿನ ಅಂಕಿಯಲ್ಲಿ ಕಾಣಿಸುವುದಿಲ್ಲ. ಕೈಪಿಡಿಗಳಲ್ಲಿ ಕಠಿಣ ಬಳಕೆಗೆ ಪ್ರತ್ಯೇಕವಾಗಿ ಕಡಿಮೆ ಅವಧಿಯನ್ನು ಹೇಳಿದ್ದರೆ ಈ ತಾಲೂಕುಗಳ ಮಾಲೀಕರು ಅದನ್ನೇ ಅನುಸರಿಸುವುದು ಉಚಿತ.

ಮುಚ್ಚಳ ತೆಗೆದು ನೋಡಿ "ಬೆಲ್ಟು ಚೆನ್ನಾಗಿದೆ" ಎಂದು ಹೇಳುವ ಮಾತನ್ನು ಪೂರ್ತಿಯಾಗಿ ನಂಬಲಾಗದು. ಈಗಿನ ಬೆಲ್ಟುಗಳ ರಬ್ಬರು ಗುಣಮಟ್ಟದ್ದಾಗಿರುವುದರಿಂದ ಮೇಲೆ ಬಿರುಕು ಕಾಣಿಸದಿದ್ದರೂ ಒಳಗಿನ ನಾರು ದಣಿದಿರಬಹುದು. ಆದರೆ ಬಿರುಕು, ಹಲ್ಲಿನ ಸವೆತ, ಬೆಲ್ಟಿನ ಮೇಲೆ ಎಣ್ಣೆ ಅಥವಾ ರೇಡಿಯೇಟರ್ ನೀರಿನ ಕಲೆ, ಟೆನ್ಷನರಿನಿಂದ ಕೀರಲು ಸದ್ದು ಇವುಗಳಲ್ಲಿ ಯಾವುದಾದರೊಂದು ಕಂಡರೆ ಮಿತಿ ಮುಗಿಯುವವರೆಗೆ ಕಾಯದೆ ಕೂಡಲೇ ಬದಲಾಯಿಸಬೇಕು.

ಕಾಯುವುದರ ಲೆಕ್ಕ

"ಇನ್ನೂ ಸ್ವಲ್ಪ ಓಡಲಿ" ಎಂಬ ಮಾತಿನಲ್ಲಿ ಉಳಿತಾಯದ ಭಾವನೆ ಇದೆ. ಆ ಉಳಿತಾಯ ಎಷ್ಟೆಂಬುದನ್ನು ಒಂದು ಉದಾಹರಣೆಯಿಂದ ನೋಡಬಹುದು. ಇಲ್ಲಿಯ ಅಂಕಿಗಳು ವಿವರಣೆಗಾಗಿ ಊಹಿಸಿಕೊಂಡವು. ಪ್ರತಿಯೊಬ್ಬರೂ ತಮ್ಮ ಗಾಡಿಯ ದರಗಳನ್ನು ಹಾಕಿ ಲೆಕ್ಕ ಮಾಡಿಕೊಳ್ಳಬೇಕು.

ಬೆಲ್ಟು, ಟೆನ್ಷನರ್ ಮತ್ತು ಮಜೂರಿ ಸೇರಿ ಖರ್ಚು ರೂ. 8,000 ಎಂದೂ ನಿಗದಿತ ಮಿತಿ 60,000 ಕಿ.ಮೀ. ಎಂದೂ ಭಾವಿಸಿದರೆ ಬೆಲ್ಟಿನ ವೆಚ್ಚ ಕಿ.ಮೀ.ಗೆ ಸುಮಾರು 13 ಪೈಸೆ ಆಗುತ್ತದೆ. ಮಾಲೀಕನು ಬದಲಾಯಿಸದೆ 80,000 ಕಿ.ಮೀ.ವರೆಗೆ ಓಡಿಸಿದನೆಂದರೆ ಅವನು ಹೆಚ್ಚಿಗೆ ಪಡೆದದ್ದು 20,000 ಕಿ.ಮೀ. ಅದರ ಬೆಲೆ ಸುಮಾರು ರೂ. 2,667. ಕಾಯ್ದದ್ದರಿಂದ ಬಂದ ಒಟ್ಟು ಲಾಭ ಇಷ್ಟೇ.

ಈಗ ಇನ್ನೊಂದು ಬದಿಯನ್ನು ನೋಡಬೇಕು. ಬೆಲ್ಟು ಕಡಿದರೆ ಎಂಜಿನ್ ದುರಸ್ತಿ, ಗಾಡಿಯನ್ನು ಎಳೆದು ತರುವ ಬಾಡಿಗೆ, ಗಾಡಿ ಗ್ಯಾರೇಜಿನಲ್ಲಿ ಇರುವ ದಿನಗಳಲ್ಲಿ ಬೇರೆ ವಾಹನದ ಬಾಡಿಗೆ ಇವೆಲ್ಲ ಸೇರಿ ರೂ. 75,000 ಹಾನಿಯಾಗುವುದೆಂದು ಊಹಿಸಿದರೆ, 2,667ನ್ನು 75,000ದಿಂದ ಭಾಗಿಸಿದಾಗ ಬರುವ ಅಂಕಿ ಸುಮಾರು ಶೇ. 3.6. ಅಂದರೆ ಆ ಹೆಚ್ಚುವರಿ ಓಟದಲ್ಲಿ ಬೆಲ್ಟು ಕಡಿಯುವ ಸಂಭವ ನೂರಕ್ಕೆ ನಾಲ್ಕರಷ್ಟಿದ್ದರೂ ಕಾಯುವವನು ನಷ್ಟದ ವ್ಯವಹಾರ ಮಾಡುತ್ತಿದ್ದಾನೆ. ಲಾಭದ ಮಿತಿ ನಿಶ್ಚಿತವಾಗಿದ್ದು ನಷ್ಟ ಅದರ ಇಪ್ಪತ್ತೆಂಟು ಪಟ್ಟು ಇರುವ ಇಂಥ ಸೌದಾವನ್ನು ಅಂಗಡಿಯಲ್ಲಿ ಯಾವ ವರ್ತಕನೂ ಒಪ್ಪಲಾರನು. ಗಾಡಿಯ ವಿಷಯದಲ್ಲಿ ಮಾತ್ರ ತಿಳಿಯದೆ ಒಪ್ಪಿಕೊಂಡಿರುತ್ತಾನೆ. ಮೇಲಾಗಿ, ಜೀವದ ಅಪಾಯವನ್ನು ಈ ಲೆಕ್ಕದಲ್ಲಿ ಸೇರಿಸಿಯೇ ಇಲ್ಲ.

ಖರ್ಚು ಒಮ್ಮೆಲೇ ಬರುವುದೇ ಮುಂದೂಡಲು ಕಾರಣವಾಗಿದ್ದರೆ ಅದಕ್ಕೂ ಉಪಾಯವಿದೆ. ತಿಂಗಳಿಗೆ 1,500 ಕಿ.ಮೀ. ಓಡುವ ಗಾಡಿಗೆ ತಿಂಗಳಿಗೆ ರೂ. 200ನ್ನು ಬೇರೆ ತೆಗೆದಿಟ್ಟರೆ 40 ತಿಂಗಳಲ್ಲಿ, ಅಂದರೆ 60,000 ಕಿ.ಮೀ. ತುಂಬುವ ಹೊತ್ತಿಗೆ ರೂ. 8,000 ಸಿದ್ಧವಾಗಿರುತ್ತದೆ.

ಹಳೆಯ ಗಾಡಿ ಕೊಳ್ಳುವವರಿಗೆ

ಗಡಿ ಭಾಗದಲ್ಲಿ ಕೊಲ್ಹಾಪುರ, ಸಾಂಗಲಿ, ಪುಣೆ ಕಡೆಯ ಹಳೆಯ ಗಾಡಿಗಳನ್ನು ಕೊಳ್ಳುವ ರೂಢಿ ಇದೆ. ಕೊಳ್ಳುವವರು ನಿರಾಕ್ಷೇಪಣಾ ಪತ್ರ, ರಸ್ತೆ ತೆರಿಗೆ, ವಿಮೆಯ ವರ್ಗಾವಣೆ, ಬ್ಯಾಂಕಿನ ಬಾಕಿ ಇವುಗಳನ್ನು ವಿಚಾರಿಸುತ್ತಾರೆ. ಬಣ್ಣ ಮತ್ತು ಟೈರುಗಳನ್ನು ನೋಡುತ್ತಾರೆ. ಬೆಲ್ಟನ್ನು ಎಂದು ಬದಲಾಯಿಸಲಾಗಿದೆ ಎಂಬ ಪ್ರಶ್ನೆ ಮಾತ್ರ ಅಪರೂಪ. ಕಿಲೋಮೀಟರಿನ ಅಂಕಿಯನ್ನು ಹಿಂದಕ್ಕೆ ತಿರುಗಿಸುವ ಮೋಸ ಹಳೆಯ ಗಾಡಿಗಳ ವ್ಯಾಪಾರದಲ್ಲಿ ಉಂಟು. ಆದುದರಿಂದ ಕೇವಲ ಮಾಪಕದ ಮೇಲೆ ಭರವಸೆ ಇಡಲಾಗದು.

ಇಲ್ಲಿ ನಿಯಮ ಸರಳವಾಗಿದೆ. ದಿನಾಂಕ ಮತ್ತು ಕಿಲೋಮೀಟರ್ ನಮೂದಿಸಿದ ಬಿಲ್ಲು ಇದ್ದರೆ ಬೆಲ್ಟ್ ಬದಲಾಗಿದೆ ಎಂದು ತಿಳಿಯಬೇಕು. ಬಿಲ್ಲು ಇಲ್ಲದಿದ್ದರೆ ಬದಲಾಗಿಲ್ಲ ಎಂದೇ ತಿಳಿಯಬೇಕು. ಆ ಖರ್ಚನ್ನು ಗಾಡಿಯ ಬೆಲೆಯಲ್ಲಿ ಮಾತನಾಡಿ ಕಡಿಮೆ ಮಾಡಿಸಿಕೊಂಡು, ಗಾಡಿ ಮನೆಗೆ ಬಂದ ಮೊದಲ ವಾರದಲ್ಲಿಯೇ ಬದಲಾಯಿಸುವುದು ಕ್ಷೇಮಕರ. ಮಾರಾಟ ನಿಂತುಹೋದ ಮಾದರಿಗಳನ್ನು ಕೊಳ್ಳುವಾಗ ಬಿಡಿಭಾಗಗಳ ಲಭ್ಯತೆಯನ್ನೂ ವಿಚಾರಿಸಬೇಕು. ಉದಾಹರಣೆಗೆ, ಫೋರ್ಡ್ ಕಂಪನಿಯು ಭಾರತದಲ್ಲಿ ಕಾರು ತಯಾರಿಕೆಯನ್ನು ನಿಲ್ಲಿಸುವುದಾಗಿ 2021ರ ಸೆಪ್ಟೆಂಬರದಲ್ಲಿ ಘೋಷಿಸಿತು. ಅದರ 1.5 ಲೀಟರ್ ಡೀಸೆಲ್ ಕಾರುಗಳು ಬೆಲ್ಟಿನವಾಗಿದ್ದು ಅಂಥ ಗಾಡಿಗಳ ಮಾಲೀಕರು ಬದಲಾವಣೆಯ ಕಾಲಕ್ಕಿಂತ ಮುಂಚಿತವಾಗಿಯೇ ಭಾಗಗಳನ್ನು ತರಿಸಿಟ್ಟುಕೊಳ್ಳುವುದು ಒಳಿತು.

ವಿಮೆ, ತೆರಿಗೆ ಮತ್ತು ಲೆಕ್ಕಪತ್ರ

ವಿಮೆ: "ಸಮಗ್ರ ವಿಮೆ ಇದೆ, ಎಂಜಿನ್ ಹೋದರೆ ಕಂಪನಿ ಕೊಡುತ್ತದೆ" ಎಂಬುದು ತಪ್ಪು ತಿಳಿವಳಿಕೆ. ಮೋಟಾರು ವಿಮಾ ಪಾಲಿಸಿಯಲ್ಲಿ ಸವೆತ, ಯಾಂತ್ರಿಕ ಕೆಡುಕು ಮತ್ತು ಅವುಗಳಿಂದ ಉಂಟಾಗುವ ಮುಂದಿನ ಹಾನಿಗಳನ್ನು ಸ್ಪಷ್ಟವಾಗಿ ಹೊರಗಿಡಲಾಗಿರುತ್ತದೆ. ಹಳೆಯ ಬೆಲ್ಟು ಕಡಿದು ಎಂಜಿನ್ ಕೆಟ್ಟದ್ದು ಅಪಘಾತವೆನಿಸುವುದಿಲ್ಲ. ಹೆಚ್ಚಿನ ಕಂತು ಕೊಟ್ಟು ಪಡೆಯುವ ಎಂಜಿನ್ ರಕ್ಷಣೆಯ ಸೌಲಭ್ಯವು ಸಾಮಾನ್ಯವಾಗಿ ನೀರು ನುಗ್ಗಿ ಅಥವಾ ಎಣ್ಣೆ ಸೋರಿ ಆಗುವ ಹಾನಿಗೆ ಸಂಬಂಧಿಸಿದ್ದು. ಅದರ ಷರತ್ತುಗಳನ್ನು ಓದದೆ ಭರವಸೆ ಇಟ್ಟುಕೊಳ್ಳಬಾರದು.

ಆದಾಯ ತೆರಿಗೆ: ವ್ಯವಹಾರಕ್ಕೆ ಬಳಸುವ ವಾಹನದ ಬೆಲ್ಟ್ ಬದಲಾವಣೆಯು ಇರುವ ಆಸ್ತಿಯನ್ನು ಸುಸ್ಥಿತಿಯಲ್ಲಿಡುವ ಖರ್ಚು. ಅದರಿಂದ ಹೊಸ ಆಸ್ತಿ ಹುಟ್ಟುವುದಿಲ್ಲ. ಚಾಲ್ತಿ ದುರಸ್ತಿಯ ಈ ಲಕ್ಷಣವನ್ನು ಸರ್ವೋಚ್ಚ ನ್ಯಾಯಾಲಯವು 2007ರ ಸರವಣ ಸ್ಪಿನ್ನಿಂಗ್ ಮಿಲ್ಸ್ ಪ್ರಕರಣದಲ್ಲಿ ವಿವರಿಸಿದೆ. ಆದುದರಿಂದ ಇದನ್ನು ವಾಹನದ ಬೆಲೆಗೆ ಸೇರಿಸದೆ ಆಯಾ ವರ್ಷದ ದುರಸ್ತಿ ಖರ್ಚಿಗೆ ಹಾಕಬೇಕು. ಸ್ವಂತದ ಬಳಕೆಯ ಪಾಲನ್ನು ಬಿಟ್ಟು ಉಳಿದದ್ದಕ್ಕೆ ಮಾತ್ರ ವಿನಾಯಿತಿ ಸಿಗುತ್ತದೆ. ಒಬ್ಬನಿಗೆ ಒಂದು ದಿನದಲ್ಲಿ ರೂ. 10,000ಕ್ಕಿಂತ ಹೆಚ್ಚು ನಗದು ಪಾವತಿ ಮಾಡಿದರೆ ಆ ಖರ್ಚು ಸಾಮಾನ್ಯವಾಗಿ ಒಪ್ಪಿತವಾಗುವುದಿಲ್ಲ ಎಂಬುದನ್ನೂ ನೆನಪಿಡಬೇಕು. ಬೆಲ್ಟು ಕಡಿದ ಗಡಿಬಿಡಿಯಲ್ಲಿ ದೊಡ್ಡ ಮೊತ್ತವನ್ನು ನಗದಾಗಿ ಕೊಟ್ಟವನು ದುರಸ್ತಿಯ ಹಣದ ಜೊತೆಗೆ ತೆರಿಗೆಯ ವಿನಾಯಿತಿಯನ್ನೂ ಕಳೆದುಕೊಳ್ಳುತ್ತಾನೆ.

ಜಿಎಸ್‌ಟಿ: ಚಾಲಕನೂ ಸೇರಿ 13 ಆಸನಗಳವರೆಗಿನ ಪ್ರಯಾಣಿಕ ವಾಹನದ ದುರಸ್ತಿಗೆ ತೆತ್ತ ತೆರಿಗೆಯನ್ನು ಸಾಮಾನ್ಯ ವರ್ತಕನು ಹೂಡುವಳಿ ತೆರಿಗೆಯಾಗಿ ಮರಳಿ ಪಡೆಯಲಾರನು. ಗಾಡಿಗಳ ಮಾರಾಟ, ಪ್ರಯಾಣಿಕರ ಸಾಗಾಣಿಕೆ ಮತ್ತು ಚಾಲನಾ ತರಬೇತಿಯಂಥ ಕೆಲವು ವ್ಯವಹಾರಗಳಿಗೆ ಷರತ್ತುಬದ್ಧ ಅಪವಾದವಿದೆ. ಸರಕು ಸಾಗಾಣಿಕೆಯ ವಾಹನಗಳಿಗೆ ಈ ನಿರ್ಬಂಧ ಅನ್ವಯಿಸುವುದಿಲ್ಲ. ಆದುದರಿಂದ ಕಾರಿನ ಎಂಜಿನ್ ಬಿಲ್ಲಿನಲ್ಲಿಯ ತೆರಿಗೆಯೂ ಪೂರ್ತಿಯಾಗಿ ಮಾಲೀಕನ ಮೇಲೆಯೇ ಬೀಳುತ್ತದೆ.

ಲೆಕ್ಕಪತ್ರ: ಮುಂದೆ ಬರಲಿರುವ ಬೆಲ್ಟಿನ ಖರ್ಚಿಗಾಗಿ ಪ್ರತಿ ವರ್ಷ ಮುಂಚಿತವಾಗಿ ಖರ್ಚು ಬರೆಯಲು ಲೆಕ್ಕಪತ್ರ ಮಾನಕ 29ರ ಪ್ರಕಾರ ಬರುವುದಿಲ್ಲ. ಮುಂದಿನ ಬಳಕೆಗಾಗಿ ಬರುವ ಖರ್ಚು ಇಂದಿನ ಹೊಣೆಯಲ್ಲ. ಹಣವನ್ನು ಬ್ಯಾಂಕಿನಲ್ಲಿ ಪ್ರತ್ಯೇಕವಾಗಿ ಇಟ್ಟುಕೊಳ್ಳಬಹುದು. ಖರ್ಚನ್ನು ಮಾತ್ರ ಕೆಲಸವಾದ ವರ್ಷದಲ್ಲಿಯೇ ಬರೆಯಬೇಕು.

ಕೆಲಸ ಮಾಡಿಸುವಾಗ ಗಮನಿಸಬೇಕಾದ ಅಂಶಗಳು

1. ಬೆಲ್ಟ್ ಒಂದನ್ನೇ ಬದಲಾಯಿಸದೆ ಟೆನ್ಷನರ್ ಮತ್ತು ಐಡ್ಲರ್ ಬೇರಿಂಗ್‌ಗಳನ್ನೂ ಬದಲಾಯಿಸಬೇಕು. ಹಳೆಯ ಬೇರಿಂಗ್ ಬಿಗಿದುಕೊಂಡರೆ ಹೊಸ ಬೆಲ್ಟೂ ಉಳಿಯುವುದಿಲ್ಲ.

2. ಡಸ್ಟರಿನ ಡೀಸೆಲ್ ಎಂಜಿನ್ನಿನಂತೆ ವಾಟರ್ ಪಂಪನ್ನು ಇದೇ ಬೆಲ್ಟು ತಿರುಗಿಸುವ ಎಂಜಿನ್‌ಗಳಲ್ಲಿ ಪಂಪನ್ನೂ ಜೊತೆಗೆ ಬದಲಾಯಿಸುವುದು ಲಾಭದಾಯಕ. ಬಿಚ್ಚುವ ಮಜೂರಿ ಒಂದೇ. ಶಾಫ್ಟಿನ ಆಯಿಲ್ ಸೀಲುಗಳನ್ನೂ ಆಗಲೇ ಪರೀಕ್ಷಿಸಬೇಕು.

3. ಭಾಗಗಳನ್ನು ಅಧಿಕೃತ ಮಾರಾಟಗಾರರಿಂದ ಬಿಲ್ಲು ಸಹಿತ ಕೊಳ್ಳಬೇಕು. ಕೆಲವು ನೂರು ರೂಪಾಯಿ ಉಳಿಸಲು ನಕಲಿ ಬೆಲ್ಟ್ ಹಾಕಿಸಿದರೆ ಮೇಲಿನ ಲೆಕ್ಕವೆಲ್ಲ ವ್ಯರ್ಥ.

4. ಬೆಲ್ಟು ಕೂರಿಸುವಾಗ ಟೈಮಿಂಗ್ ಗುರುತುಗಳನ್ನು ಹೊಂದಿಸಬೇಕು. ಅನಂತರ ಎಂಜಿನ್ನನ್ನು ಕೈಯಿಂದ ಎರಡು ಸುತ್ತು ತಿರುಗಿಸಿ ಗುರುತುಗಳು ಮತ್ತೆ ಕೂಡುತ್ತವೆಯೇ ಎಂದು ನೋಡಿದ ಮೇಲೆಯೇ ಚಾಲೂ ಮಾಡಬೇಕು. ಆ ಮಾದರಿಯ ಎಂಜಿನ್ನಿನ ಅನುಭವ ಮತ್ತು ಉಪಕರಣ ಇದ್ದವರಿಂದಲೇ ಈ ಕೆಲಸ ಮಾಡಿಸಬೇಕು.

5. ಬದಲಾಯಿಸಿದ ದಿನಾಂಕ ಮತ್ತು ಕಿಲೋಮೀಟರನ್ನು ಬಾನೆಟ್ಟಿನ ಕೆಳಗೆ ಒಂದು ಚೀಟಿಯಲ್ಲಿ ಬರೆದು ಅಂಟಿಸಬೇಕು. ವಾಹನದ ರಜಿಸ್ಟರಿನಲ್ಲಿಯೂ ನಮೂದಿಸಬೇಕು. ಚಾಲಕರು ಬದಲಾಗುತ್ತಾರೆ, ದಾಖಲೆ ಉಳಿಯುತ್ತದೆ.

6. ಓಡುತ್ತಿರುವ ಎಂಜಿನ್ ಏಕಾಏಕಿ ನಿಂತು, ಮತ್ತೆ ಸೆಲ್ಫ್ ಹೊಡೆದಾಗ ಎಂದಿಗಿಂತ ಹಗುರಾಗಿ ತಿರುಗಿದರೆ ಬೆಲ್ಟು ಕಡಿದಿರುವ ಸಂಭವವಿದೆ. ಮತ್ತೆ ಮತ್ತೆ ಸೆಲ್ಫ್ ಹೊಡೆಯುವುದಾಗಲಿ, ಜನರನ್ನು ಕೂಡಿಸಿ ದೂಡಿ ಚಾಲೂ ಮಾಡುವುದಾಗಲಿ ಸರ್ವಥಾ ಕೂಡದು. ಅದರಿಂದ ಉಳಿದ ವಾಲ್ವ್‌ಗಳೂ ಬಾಗುತ್ತವೆ. ಗಾಡಿಯನ್ನು ಎಳೆದುಕೊಂಡು ಹೋಗುವುದೇ ಕಡಿಮೆ ಖರ್ಚಿನ ದಾರಿ.

ಸಮಾರೋಪ

ಕಬ್ಬಿನ ಹಂಗಾಮು ಮುಗಿದು ಮಳೆಗಾಲ ಆರಂಭವಾಗುವ ನಡುವಿನ ದಿನಗಳು ಈ ಕೆಲಸಕ್ಕೆ ಅನುಕೂಲವಾದವು. ಆಗ ಓಡಾಟ ಕಡಿಮೆ ಇರುತ್ತದೆ. ಕೃಷ್ಣಾ, ದೂಧಗಂಗಾ, ವೇದಗಂಗಾ ನದಿಗಳು ತುಂಬಿ ಕೆಳಮಟ್ಟದ ಸೇತುವೆಗಳು ಮುಳುಗಿ ಸುತ್ತು ದಾರಿ ಹಿಡಿಯಬೇಕಾಗುವ ಮೊದಲೇ ಗಾಡಿ ಸಿದ್ಧವಾಗಿರುತ್ತದೆ. ಪ್ರತಿ ವರ್ಷ ಖಂಡೆ ಪೂಜೆಯ ದಿನ ಗಾಡಿಯನ್ನು ತೊಳೆದು, ಹೂಮಾಲೆ ಹಾಕಿ, ನಿಂಬೆಹಣ್ಣು ಇಟ್ಟು ಪೂಜಿಸುವ ಸಂಪ್ರದಾಯವಿದೆ. ಅದೇ ದಿನ ರಜಿಸ್ಟರ್ ತೆರೆದು ಬೆಲ್ಟಿನ ದಿನಾಂಕವನ್ನೂ ನೋಡುವ ರೂಢಿ ಬೆಳೆದರೆ ಗಾಡಿಯ ಕ್ಷೇಮದ ಜೊತೆಗೆ ಅದರಲ್ಲಿ ಕುಳಿತವರ ಕ್ಷೇಮವೂ ನೋಡಿದಂತಾಗುತ್ತದೆ. ಸಮಯಕ್ಕೆ ಮಾಡಿದ ಸಣ್ಣ ಖರ್ಚು ವ್ಯವಹಾರದಲ್ಲಿ ಖರ್ಚೆನಿಸದು. ಅದು ಬಂಡವಾಳದ ರಕ್ಷಣೆ.